ಎರಡು ಕ್ಲಚ್ಚೋ, ಒಂದು ಎಡಗಾಲೋ?

ಸ್ಪೋರ್ಟ್ಸ್ ಕಾರಿನ ಗೇರ್‌ಬಾಕ್ಸನ್ನು ಹೊಸಬರು ಸೆಕೆಂಡಿನ ಲೆಕ್ಕದಲ್ಲಿ ಅಳೆಯುತ್ತಾರೆ. ಆ ಲೆಕ್ಕಕ್ಕೆ ಕೂತರೆ ವಾದಕ್ಕೆ ಜಾಗವೇ ಇಲ್ಲ. 2021ರ ಪೋರ್ಷೆ 911 ಜಿಟಿ3 ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ವೇಗಕ್ಕೇರಲು ಡ್ಯುಯಲ್ ಕ್ಲಚ್ಚಿನಲ್ಲಿ 3.4 ಸೆಕೆಂಡು, ಮ್ಯಾನುಯಲ್‌ನಲ್ಲಿ 3.9 ಸೆಕೆಂಡು ಎಂದು ಕಂಪನಿಯೇ ಹೇಳುತ್ತದೆ. ಇಷ್ಟಾದರೂ, 2013ರ ಜಿಟಿ3ಯಲ್ಲಿ ಮ್ಯಾನುಯಲ್ ಗೇರನ್ನು ಕೈಬಿಟ್ಟಿದ್ದ ಅದೇ ಕಂಪನಿ 2017ರಲ್ಲಿ ಅದನ್ನು ಮತ್ತೆ ತಂದಿತು. ನಿಧಾನವೆಂದು ತಿಳಿದೂ ಜನ ಅದನ್ನು ಕೊಳ್ಳುತ್ತಾರೆಂದರೆ, ಅವರ ಕೈಯಲ್ಲಿರುವ ಅಳತೆಗೋಲೇ ಬೇರೆ. ಮುಂದೆ ಯಾವ ಗೇರು ಬೇಕಾದೀತು ಎಂಬುದನ್ನು ಎಷ್ಟು ಮುಂಚೆ ಅರಿತೆವು, ಆ ಅರಿವು ಯಾರದು: ರಸಿಕ ಗಮನಿಸಬೇಕಾದ್ದು ಇದನ್ನು.

ಡ್ಯುಯಲ್ ಕ್ಲಚ್ಚಿನ ಒಳಗುಟ್ಟು ಸರಳ. ಒಂದು, ಮೂರು, ಐದು, ಏಳನೇ ಗೇರುಗಳಿಗೆ ಒಂದು ಕ್ಲಚ್ಚು; ಎರಡು, ನಾಲ್ಕು, ಆರಕ್ಕೆ ಇನ್ನೊಂದು. ದೊಡ್ಡಾಟದಲ್ಲಿ ಒಂದು ಪಾತ್ರ ಕುಣಿಯುತ್ತಿರುವಾಗಲೇ ಮುಂದಿನ ಪಾತ್ರ ಪರದೆಯ ಹಿಂದೆ ಗೆಜ್ಜೆ ಕಟ್ಟಿ ನಿಂತಿರುವ ಹಾಗೆ, ಮೂರನೇ ಗೇರಿನಲ್ಲಿ ಓಡುವಾಗ ನಾಲ್ಕನೆಯದು ಸಿದ್ಧವಾಗಿರುತ್ತದೆ. ಒಂದು ಕ್ಲಚ್ಚು ಬಿಡುತ್ತಿರುವಂತೆಯೇ ಇನ್ನೊಂದು ಹಿಡಿಯುತ್ತದೆ, ಎಳೆತ ತುಂಡಾಗುವುದಿಲ್ಲ. ಆದರೆ ಯಾವ ಗೇರನ್ನು ಸಿದ್ಧವಿಡಬೇಕೆಂಬುದು ಕಂಪ್ಯೂಟರಿನ ಊಹೆ. ವೇಗ, ಎಂಜಿನ್ನಿನ ಸುತ್ತು, ನಿಮ್ಮ ಪಾದದ ಒತ್ತಡ ನೋಡಿ ಅದು ಊಹಿಸುತ್ತದೆ. ರಸ್ತೆ ಅದಕ್ಕೆ ಕಾಣುವುದಿಲ್ಲ. ಆರರಿಂದ ನೇರ ನಾಲ್ಕಕ್ಕೆ ಇಳಿಸಬೇಕಾದರೆ ಎರಡೂ ಒಂದೇ ಕ್ಲಚ್ಚಿನ ಪಾಲಿನವು. ಆಗ ನಡುವೆ ಐದನ್ನು ಆಸರೆಯಾಗಿ ಹಿಡಿಯಬೇಕು, ಇಲ್ಲವೇ ಕ್ಷಣಕಾಲ ತಡೆಯಬೇಕು. ಆ ಜಗತ್ಪ್ರಸಿದ್ಧ ಚುರುಕು ಅಲ್ಲಿ ಸ್ವಲ್ಪ ಮಂಕಾಗುತ್ತದೆ.

ಕಂಪ್ಯೂಟರಿಗೆ ಕಾಣದ ರಸ್ತೆ ಚಾಲಕನಿಗೆ ಕಾಣುತ್ತದೆ. ಅದರ ಲಾಭ ಅರಿಯಲು ರೇಸ್ ಟ್ರ್ಯಾಕ್ ಬೇಡ. ಯಾದಗಿರಿ ಸೀಮೆಯ ಶಹಾಪುರದಿಂದ ಸುರಪುರ ದಾಟಿ ತಿಂಥಣಿಯ ಕೃಷ್ಣಾ ಸೇತುವೆಯತ್ತ ಹೋಗುವ ಹೆದ್ದಾರಿಯೇ ಸಾಕು. ಕಣ್ಣು ಹಾಯುವಷ್ಟು ದೂರ ನೇರ ರಸ್ತೆ, ನಡುವೆ ಹತ್ತಿ ಹೇರಿದ ಟ್ರ್ಯಾಕ್ಟರು, ಕುರಿಹಿಂಡು, ಊರು ಬಂದಲ್ಲೆಲ್ಲ ಹಂಪು. ಮುಂದಿನ ಟ್ರ್ಯಾಕ್ಟರು, ಎದುರಿನ ಲಾರಿ, ಅವೆರಡರ ನಡುವೆ ಸಿಗುವ ಖಾಲಿ ಜಾಗ ಮೂರನ್ನೂ ದೂರದಿಂದಲೇ ಅಳೆದವನು, ಹತ್ತಿರ ಬರುವ ಮೊದಲೇ ಮೂರನೇ ಗೇರಿಗೆ ಇಳಿದಿರುತ್ತಾನೆ. ಎಡಗಾಲು ಕ್ಲಚ್ ಒತ್ತಿದಾಗ ಬಲಗಾಲು ಎಕ್ಸಲರೇಟರನ್ನು ಒಂದಿಷ್ಟು ತಟ್ಟಿ ಎಂಜಿನ್ನಿನ ಸುತ್ತನ್ನು ಹೊಂದಿಸಿದರೆ ಗಾಡಿ ಜಗ್ಗುವುದಿಲ್ಲ. ಪಕ್ಕದಲ್ಲಿ ಕೂತವರ ತಲೆ ಅಲುಗಲಿಲ್ಲವೆಂದರೆ ಗೇರು ಚೆನ್ನಾಗಿ ಬಿದ್ದಿದೆ ಎಂದರ್ಥ. ಹೊಸ ರಸಿಕರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ತಿಳಿದಿಲ್ಲ.

ಸ್ಟಿಯರಿಂಗ್ ಹಿಂದಿನ ಪ್ಯಾಡಲ್ ಎಳೆದರೆ ಡ್ಯುಯಲ್ ಕ್ಲಚ್ಚಿನಲ್ಲೂ ಮುಂಚಿತವಾಗಿ ಗೇರು ಇಳಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಖಂಡಿತ ಇಳಿಸಬಹುದು. ಹಾಗೆ ಮಾಡುವವನು ಆಗಲೇ ರಸಿಕ. ಆದರೆ ಅಲ್ಲಿ ಆ ಶ್ರಮ ಐಚ್ಛಿಕ. ಎಳೆಯದಿದ್ದರೂ ಗಾಡಿ ಹೇಗೋ ನಿಭಾಯಿಸುತ್ತದೆ, ಹೀಗಾಗಿ ಬಹಳಷ್ಟು ಜನರ ಪ್ಯಾಡಲ್ಲು ಷೋರೂಮಿನ ಹೊಳಪಲ್ಲೇ ಉಳಿದಿರುತ್ತದೆ. ಮ್ಯಾನುಯಲ್ ಆ ವಿನಾಯಿತಿ ಕೊಡುವುದಿಲ್ಲ. ಇನ್ನು ಪೇಟೆಯ ದಟ್ಟಣೆಯಲ್ಲಿ ಎಡಗಾಲು ಸೋಲುತ್ತದೆ ಎಂಬುದು ನಿಜವಾದ ಆಕ್ಷೇಪ. ದಿನವೂ ಬೆಂಗಳೂರಿನಲ್ಲಿ ಓಡಿಸುವವರಿಗೆ, ಮೊಣಕಾಲು ನೋವಿದ್ದವರಿಗೆ ನಾನು ಮ್ಯಾನುಯಲ್ ಹೇಳಲಾರೆ. ಆದರೆ ಯಾದಗಿರಿ ಸೀಮೆಯಲ್ಲಿ ಅಂಥ ದಟ್ಟಣೆ ಜಾತ್ರೆಗೊಮ್ಮೆ, ಸಂತೆಗೊಮ್ಮೆ. 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ತೆವಳುತ್ತ ಸಾಗುವಾಗ, ಎಣ್ಣೆಯಲ್ಲಿ ಮುಳುಗಿರದ ಒಣ ಡ್ಯುಯಲ್ ಕ್ಲಚ್ಚು ಜಾರಿ ಜಾರಿ ಕಾಯುತ್ತದೆಂಬುದೂ ನೆನಪಿರಲಿ. ಹಾಫ್ ಕ್ಲಚ್ಚಿನಲ್ಲಿ ಮ್ಯಾನುಯಲ್ಲೂ ಸುಡುತ್ತದೆ, ಆದರೆ ಅದರ ಸುಳಿವು ಮೊದಲು ಸಿಗುವುದು ನಿಮ್ಮ ಪಾದಕ್ಕೇ.

ಪೋರ್ಷೆ ಈ ಕಡೆ ಅಪರೂಪ, ಸರಿ. ಕೈಗೆಟುಕುವ ಮಟ್ಟದಲ್ಲಿ ಹ್ಯುಂಡೈ ಐ20 ಎನ್ ಲೈನ್‌ಗೆ 2023ರಿಂದ ಆರು ಗೇರಿನ ಮ್ಯಾನುಯಲ್ ಬಂತು. ಏಳು ಗೇರಿನ ಡ್ಯುಯಲ್ ಕ್ಲಚ್ ಮೊದಲಿನಿಂದ ಇತ್ತು. ಫೋಕ್ಸ್‌ವ್ಯಾಗನ್ ವರ್ಟಸ್‌ನ 1.5 ಲೀಟರ್ ಎಂಜಿನ್ನಿಗೂ ಎರಡೂ ಬಗೆ ಬಂದಿವೆ. ಒಂದೇ ಎಂಜಿನ್, ಎರಡು ಗೇರ್‌ಬಾಕ್ಸು. ಹೋಲಿಸಲು ಇದಕ್ಕಿಂತ ಅನುಕೂಲ ಬೇಕಿಲ್ಲ. ಟೆಸ್ಟ್ ಡ್ರೈವಿನಲ್ಲಿ ಖಾಲಿ ರಸ್ತೆ ಹುಡುಕಬೇಡಿ, ಟ್ರ್ಯಾಕ್ಟರು ಸಿಗುವ ರಸ್ತೆಗೇ ಹೋಗಿ. ಮೊದಲ ಸ್ಪೋರ್ಟ್ಸ್ ಕಾರಾದರೆ ಮ್ಯಾನುಯಲ್ ತೆಗೆದುಕೊಳ್ಳಿ. ಡ್ಯುಯಲ್ ಕ್ಲಚ್ಚು ಎರಡನೆಯದಕ್ಕಿರಲಿ.