ಸನ್ಮಾನವೂ ವಿಧೇಯತೆಯೂ

ಎರಡು ವರ್ಷದ ಹಿಂದೆ ನಮ್ಮ ಸಭೆಯಲ್ಲಿ ಒಂದು ರವಿವಾರ ಎಪ್ಪತ್ತು ದಾಟಿದ ಹಿರಿಯರಿಗೆಲ್ಲ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಸನ್ಮಾನ ಮಾಡಿದರು. ಸಂಡೇ ಸ್ಕೂಲಿನ ಮಕ್ಕಳು ದಶಾಜ್ಞೆಗಳನ್ನು ಬಾಯಿಪಾಠ ಒಪ್ಪಿಸಿದರು. ಪ್ರಸಂಗ ಮಾಡಿದವರು ತಂದೆತಾಯಿಗಳನ್ನು ಸನ್ಮಾನಿಸಬೇಕೆಂಬ ಐದನೆಯ ಆಜ್ಞೆಯನ್ನು ಓದಿ, ಅದರ ಬೆನ್ನಿಗೇ ಪೌಲನು ಎಫೆಸದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವನ್ನೂ ಓದಿದರು. ಎರಡೂ ಹೇಳುವುದು ಒಂದೇ, ಹೆತ್ತವರು ಹೇಳಿದ ಮಾತನ್ನು ಮಕ್ಕಳು ಎಂದೂ ಮೀರಬಾರದು ಎಂದು ಮುಗಿಸಿದರು. ಹೊಸದೇನೂ ಅಲ್ಲ. ನಾನು ಬುದ್ಧಿ ಬಂದಾಗಿನಿಂದ ಇದನ್ನೇ ಕೇಳುತ್ತ ಬಂದಿದ್ದೇನೆ, ಸಂಡೇ ಸ್ಕೂಲಿನಲ್ಲಿ ಇದನ್ನೇ ಹೇಳಿಕೊಟ್ಟಿದ್ದೇನೆ ಕೂಡ.

ಮರುದಿನ ಶಾಲೆಯಲ್ಲಿ ನಮ್ಮ ಸಭೆಯವಳೇ ಆದ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಊಟದ ಬಿಡುವಿನಲ್ಲಿ ಬಂದು ನಿಂತಳು. "ಟೀಚರ್, ಅಪ್ಪ ಹೇಳಿದ್ದಕ್ಕ ಒಲ್ಲೆ ಅಂದ್ರ ಪಾಪ ಏನ್ರೀ?" ಎಂದಳು. ಪರೀಕ್ಷೆ ಮುಗಿದ ಕೂಡಲೇ ಅವಳ ಮದುವೆ ಎಂದು ಮನೆಯಲ್ಲಿ ಗೊತ್ತುಮಾಡಿದ್ದರು. ಹುಡುಗ ಸಂಬಂಧಿಕನೇ. ಅವಳಿಗೆ ಓದುವ ಆಸೆ. ಹಿಂದಿನ ದಿನದ ಪ್ರಸಂಗವನ್ನು ಅವಳು ಮೊದಲ ಸಾಲಿನಲ್ಲಿ ಕುಳಿತು ಕೇಳಿದ್ದಳು.

ಕಾನೂನಿನ ಉತ್ತರ ಸುಲಭ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಹುಡುಗಿಯ ಮದುವೆ ಅಪರಾಧ. ಆದರೆ ಅವಳು ಕೇಳಿದ್ದು ಅಪರಾಧದ ಮಾತಲ್ಲ, ಪಾಪದ ಮಾತು. "ಪಾಪ ಅಲ್ಲವ್ವಾ" ಎಂದು ಆಗಲೇ ಹೇಳಿದೆನಾದರೂ, ಯಾಕೆ ಅಲ್ಲ ಎಂದು ನನಗೇ ಬಿಡಿಸಿ ಹೇಳಲು ಬರಲಿಲ್ಲ. ಆ ರಾತ್ರಿ ಸತ್ಯವೇದ ತೆಗೆದುಕೊಂಡು ಕುಳಿತೆ.

ಮೊದಲು ಆಜ್ಞೆಯ ಮಾತು. ಅದು ಯಾರನ್ನು ಉದ್ದೇಶಿಸಿದ್ದು ಎಂದು ನಾವು ಕೇಳಿಕೊಳ್ಳುವುದೇ ಇಲ್ಲ. ಮಕ್ಕಳ ಬಾಯಲ್ಲಿ ಹೇಳಿಸುತ್ತೇವೆ, ಆದ್ದರಿಂದ ಮಕ್ಕಳಿಗೇ ಕೊಟ್ಟದ್ದು ಎಂದುಕೊಳ್ಳುತ್ತೇವೆ. ವಿಮೋಚನಕಾಂಡದ ಅದೇ ಅಧ್ಯಾಯದಲ್ಲಿ ಅದಕ್ಕಿಂತ ಮೊದಲಿನ ಆಜ್ಞೆ ಗಂಡುಮಕ್ಕಳು, ಹೆಣ್ಣುಮಕ್ಕಳು, ಆಳುಗಳು, ದನಕರುಗಳು ಇರುವವನೊಡನೆ ಮಾತಾಡುತ್ತದೆ. ಕೊನೆಯ ಆಜ್ಞೆ ನೆರೆಯವನ ಹೆಂಡತಿ, ಎತ್ತು, ಕತ್ತೆಗಳ ಮೇಲೆ ಕಣ್ಣು ಹಾಕಬಲ್ಲ ಪ್ರಾಯದವನೊಡನೆ ಮಾತಾಡುತ್ತದೆ. ನಡುವಿನ ಈ ಒಂದು ಆಜ್ಞೆ ಮಾತ್ರ ಆರು ವರ್ಷದ ಕೂಸಿಗೆ ಹೇಳಿದ್ದಾಗುವುದು ಹೇಗೆ? ಇದನ್ನು ಕೇಳಿಸಿಕೊಳ್ಳುತ್ತಿದ್ದವನು ಮನೆಯ ಯಜಮಾನ. ಅವನ ತಂದೆತಾಯಿಗಳು ಕೈಲಾಗದ ಮುದುಕರು.

ಹಾಗಾದರೆ ಸನ್ಮಾನಿಸುವುದು ಎಂದರೇನು? ಇಬ್ರಿಯ ಮೂಲದ ಕ್ರಿಯಾಪದದ ಧಾತುವಿಗೆ ಭಾರವಾಗಿರು, ತೂಕವಾಗಿರು ಎಂಬ ಅರ್ಥವಿದೆಯೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಮುಂದಿನ ಅಧ್ಯಾಯದಲ್ಲಿ ತಂದೆತಾಯಿಗಳನ್ನು ಶಪಿಸುವವನ ಮಾತು ಬರುತ್ತದೆ. ಅಲ್ಲಿಯ ಪದದ ಧಾತುವಿಗೆ ಹಗುರ ಎಂಬ ಅರ್ಥ. ಇದನ್ನು ಓದಿ ನನಗೆ ಸಂತೋಷವಾಯಿತು. ಇದು ನಮ್ಮ ಕನ್ನಡದ ಮಾತೇ ಅಲ್ಲವೆ? ದೊಡ್ಡವರನ್ನು ಹಗುರವಾಗಿ ಕಾಣಬೇಡ ಎನ್ನುತ್ತೇವೆ. ಅವರ ಮಾತಿಗೆ ತೂಕವಿದೆ ಎನ್ನುತ್ತೇವೆ. ಮುಪ್ಪಿನಲ್ಲಿ ಮನೆಗೆ ಭಾರವಾದವರನ್ನು ತೂಕವುಳ್ಳವರನ್ನಾಗಿ ಕಾಣು ಎಂಬುದು ಆಜ್ಞೆಯ ತಾತ್ಪರ್ಯವೆಂದು ನನಗೆ ತೋರುತ್ತದೆ. ಅದಕ್ಕೆ ಶಾಲು ಹಾರ ಸಾಲದು. ಹೇಳಿದ್ದಕ್ಕೆಲ್ಲ ಹೂಂ ಎನ್ನುವುದೂ ಅದರಲ್ಲಿ ಸೇರಿಲ್ಲ.

ಯೇಸುಸ್ವಾಮಿ ಈ ಆಜ್ಞೆಯನ್ನು ಹೇಗೆ ಓದಿದರೆಂಬುದು ಮಾರ್ಕನ ಸುವಾರ್ತೆಯ ಏಳನೆಯ ಅಧ್ಯಾಯದಲ್ಲಿದೆ. ತಂದೆತಾಯಿಗಳಿಗೆ ಸಲ್ಲಬೇಕಾದ ಹಣವನ್ನು ಕೊರ್ಬಾನ್, ಅಂದರೆ ದೇವರಿಗೆ ಮುಡಿಪು ಎಂದು ಹೇಳಿ ಜಾರಿಕೊಳ್ಳಲು ಬಿಡುವ ಫರಿಸಾಯರನ್ನೂ ಶಾಸ್ತ್ರಿಗಳನ್ನೂ ಅವರು ಕಟುವಾಗಿ ಖಂಡಿಸಿದರು. ಅಲ್ಲಿ ಚರ್ಚೆಯಾದದ್ದು ಮುದುಕರ ಅನ್ನ ಬಟ್ಟೆ. ಮಾತು ಮೀರಿದ ಮಗನ ಸುದ್ದಿ ಅಲ್ಲಿಲ್ಲ. ಅದೇ ಯೇಸು, ತಾಯಿಯೂ ತಮ್ಮಂದಿರೂ ಹೊರಗೆ ನಿಂತು ಕರೆಕಳುಹಿಸಿದಾಗ ಎದ್ದು ಹೋಗಲಿಲ್ಲ. ಆದರೆ ಶಿಲುಬೆಯ ಮೇಲಿಂದ ಅದೇ ತಾಯಿಯನ್ನು ತನ್ನ ಶಿಷ್ಯನೊಬ್ಬನ ವಶಕ್ಕೆ ಒಪ್ಪಿಸಿದರು. ಕರೆದಾಗ ಹೋಗದಿದ್ದವರು ಸಾಯುವಾಗ ಮರೆಯಲಿಲ್ಲ.

ಪೌಲನ ಮಾತೇನಾಯಿತು ಎಂದು ನೀವು ಕೇಳಬಹುದು. ಅದನ್ನು ಮರೆಮಾಚಿದರೆ ನನ್ನ ಓದು ಪ್ರಾಮಾಣಿಕವಾಗದು. ಮಕ್ಕಳು ಹೆತ್ತವರ ಮಾತು ಕೇಳಬೇಕೆಂದು ಅವನು ಸ್ಪಷ್ಟವಾಗಿ ಹೇಳುತ್ತಾನೆ, ಅದಕ್ಕೆ ಆಧಾರವಾಗಿ ಈ ಆಜ್ಞೆಯನ್ನೇ ತರುತ್ತಾನೆ. ಕೊಲೊಸ್ಸೆಯವರಿಗೆ ಬರೆಯುವಾಗ ಎಲ್ಲ ವಿಷಯಗಳಲ್ಲಿ ಎಂದೂ ಸೇರಿಸುತ್ತಾನೆ. ಆದರೆ ಎಫೆಸದ ಪತ್ರಿಕೆಯಲ್ಲಿ ಕರ್ತನಲ್ಲಿ ಎಂಬ ಕಟ್ಟು ಇದೆ. ಅದರ ಬೆನ್ನಿಗೇ, ಮಕ್ಕಳನ್ನು ರೇಗಿಸಬೇಡಿರೆಂದು ತಂದೆಗಳಿಗೂ ಅಪ್ಪಣೆಯಿದೆ. ನಮ್ಮ ಪ್ರಸಂಗಗಳು ಸಾಮಾನ್ಯವಾಗಿ ಅಷ್ಟು ದೂರ ಹೋಗುವುದಿಲ್ಲ. ಮುಂದಿನ ಮಾತು ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬುದು. ಅದನ್ನು ಓದಿ ಜೀತಪದ್ಧತಿ ಒಳ್ಳೆಯದೆಂದು ಇಂದು ಯಾವ ಸಭಾಪಾಲಕರೂ ಹೇಳಲಾರರು. ಆ ಮಾತನ್ನು ಕಾಲವರಿತು ಓದುವವರು ಇದನ್ನೂ ವಯಸ್ಸರಿತು ಓದಬಹುದಲ್ಲ?

ಮಾತು ಕೇಳುವುದು ಎಂಬ ನಮ್ಮ ನುಡಿಗಟ್ಟೂ ಇಲ್ಲಿ ಸಹಾಯಕ್ಕೆ ಬರುತ್ತದೆ. ಪೌಲನ ಗ್ರೀಕ್ ಪದದೊಳಗೂ ಕಿವಿಗೊಡುವ ಅರ್ಥವಿದೆ. ಆದರೆ ಕನ್ನಡದ ಕೇಳು ಎಂಬುದಕ್ಕೆ ಇನ್ನೊಂದು ಅರ್ಥವುಂಟು: ಪ್ರಶ್ನೆ ಮಾಡು. ಹನ್ನೆರಡು ವರ್ಷದ ಯೇಸು ಹೆತ್ತವರಿಗೆ ಹೇಳದೆ ಯೆರೂಸಲೇಮಿನ ದೇವಾಲಯದಲ್ಲಿ ಉಳಿದು ಬೋಧಕರ ನಡುವೆ ಕುಳಿತು ಮಾಡಿದ್ದು ಎರಡೂ ಅರ್ಥದ ಕೇಳುವಿಕೆಯನ್ನು. ಆಮೇಲೆ ಅವರೊಡನೆ ನಜರೇತಿಗೆ ಹಿಂದಿರುಗಿ ಅವರಿಗೆ ಅಧೀನನಾಗಿದ್ದನೆಂದು ಲೂಕನು ಹೇಳುತ್ತಾನೆ. ಎಳೆಯ ವಯಸ್ಸಿನಲ್ಲಿ ವಿಧೇಯತೆಯು ಸನ್ಮಾನದ ಒಂದು ರೂಪ. ಬೆಳೆದ ಹಾಗೆ ರೂಪ ಬದಲಾಗುತ್ತದೆ, ಸನ್ಮಾನ ಉಳಿಯುತ್ತದೆ.

ಚರಿತ್ರೆಯೂ ಇದನ್ನೇ ಹೇಳುತ್ತದೆ. ಮಾರ್ಟಿನ್ ಲೂಥರನು 1505ರಲ್ಲಿ ತಂದೆಯ ಇಚ್ಛೆಗೆ ವಿರುದ್ಧವಾಗಿ ಕಾನೂನಿನ ಓದು ಬಿಟ್ಟು ಸನ್ಯಾಸಿಯಾದ. 1521ರಲ್ಲಿ ಸನ್ಯಾಸ ವ್ರತಗಳನ್ನು ವಿಮರ್ಶಿಸಿ ಬರೆದ ಪುಸ್ತಕವನ್ನು ಅದೇ ತಂದೆಗೆ ಅರ್ಪಿಸಿದ. 1524ರಲ್ಲಿ ಮದುವೆಯ ಬಗ್ಗೆಯೇ ಒಂದು ಕಿರುಹೊತ್ತಗೆ ಬರೆದು, ಮಕ್ಕಳ ಮದುವೆಯಲ್ಲಿ ಹೆತ್ತವರು ಬಲವಂತ ಮಾಡಕೂಡದು, ಅಡ್ಡಿಯನ್ನೂ ಮಾಡಕೂಡದು ಎಂದ. ಹೆತ್ತವರ ಒಪ್ಪಿಗೆಯಿಲ್ಲದೆ ಮಕ್ಕಳು ಮಾತು ಕೊಡಕೂಡದೆಂದೂ ಅಲ್ಲೇ ಹೇಳಿದ.

ನಮ್ಮ ನಾಡಿಗೇ ಬರೋಣ. ಬಾಸೆಲ್ ಮಿಶನ್ ಮಂಗಳೂರಿಗೆ ಬಂದದ್ದು 1834ರಲ್ಲಿ, ಧಾರವಾಡಕ್ಕೆ 1837ರಲ್ಲಿ. ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ಮನೆಯವರ ತೀವ್ರ ವಿರೋಧದ ನಡುವೆ ದೀಕ್ಷಾಸ್ನಾನ ಹೊಂದಿದರು. ಸಭೆಯ ಚರಿತ್ರೆ ಹೇಳುವಾಗ ಅವರ ಧೈರ್ಯವನ್ನು ಕೊಂಡಾಡುತ್ತೇವೆ. ಮನೆಯ ಮಾತು ಮೀರಿದವರಿಂದಲೇ ಬೆಳೆದ ಸಭೆಯೊಂದು, ಮಾತು ಮೀರುವುದೇ ಪಾಪವೆಂದು ಮಕ್ಕಳಿಗೆ ಕಲಿಸುವುದು ಸರಿಯಲ್ಲ. ಮೀರಿದ್ದು ಯಾವುದಕ್ಕಾಗಿ, ಮೀರಿದ ಮೇಲೆ ನಡೆದುಕೊಂಡದ್ದು ಹೇಗೆ ಎಂಬುದನ್ನಾದರೂ ಕಲಿಸಬೇಡವೆ?

ನನ್ನ ಮಾತನ್ನೂ ಹೇಳಬೇಕು. ಬಿ.ಎ. ಮುಗಿದ ವರ್ಷ ಅಪ್ಪ ನನಗೊಂದು ಸಂಬಂಧ ಗೊತ್ತುಮಾಡಿದರು. ನಾನು ಬಿ.ಎಡ್. ಮಾಡುತ್ತೇನೆಂದು ಹಟ ಹಿಡಿದು ದೊಡ್ಡವ್ವನ ಮನೆಗೆ ಹೋದೆ. ಎರಡು ವರ್ಷ ಅಪ್ಪ ನನ್ನೊಡನೆ ಮಾತಾಡಲಿಲ್ಲ. ಅಣ್ಣ ಹಾಗಲ್ಲ. ಅಪ್ಪ ಹೇಳಿದ್ದನ್ನು ಓದಿದ, ಹೇಳಿದ ನೌಕರಿಗೆ ಸೇರಿದ, ಹೇಳಿದಲ್ಲಿ ಮದುವೆಯಾದ. ಅಪ್ಪನಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದಾಗ ಅಣ್ಣ ತಿಂಗಳು ತಿಂಗಳು ತಪ್ಪದೆ ಹಣ ಕಳಿಸಿದ. ಆದರೆ ಬಂದರೆ ಅಪ್ಪನ ಎದುರು ಹತ್ತು ನಿಮಿಷ ಕುಳಿತಿರಲಾರ. ಅವನನ್ನು ದೂರುವುದಕ್ಕೆ ಇದನ್ನು ಬರೆಯುತ್ತಿಲ್ಲ. ಒಮ್ಮೆ ಅವನೇ, "ನನಗ ಏನ್ ಬೇಕಿತ್ತು ಅಂತ ಅಪ್ಪ ಒಂದ್ ದಿನಾನೂ ಕೇಳ್ಲಿಲ್ಲ" ಎಂದ. ವಿಧೇಯನಾಗಿದ್ದೂ ಇದ್ದೂ ಅವನಲ್ಲಿ ಪ್ರೀತಿ ತೀರಿಹೋಗಿತ್ತು.

ನಾನೇನು ದೊಡ್ಡವಳೆಂದಲ್ಲ. ಅಪ್ಪ ಮಾತು ಬಿಟ್ಟ ಆ ಎರಡು ವರ್ಷ ನಾನೂ ಒಂದು ಕಾಗದ ಬರೆಯಲಿಲ್ಲ. ನನ್ನ ಮೇಲೆ ಯಾವ ಸಿಟ್ಟೂ ಇರದ ಅವ್ವನಿಗೂ ಬರೆಯಲಿಲ್ಲ. ಬಿ.ಎಡ್. ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ, ಕಾಗದ ಬರೆಯದಿದ್ದುದಕ್ಕೆ ಇವತ್ತಿಗೂ ಇದೆ. ಆಜ್ಞೆಯನ್ನು ನಾನು ಮುರಿದದ್ದು ಅಲ್ಲಿ. ಕೊನೆಯ ನಾಲ್ಕು ವರ್ಷ ಅಪ್ಪ ನಮ್ಮ ಮನೆಯಲ್ಲೇ ಇದ್ದರು. ನೋಡಲು ಬಂದವರೆದುರು, "ಇಕಿ ಮೊದಲಿಂದ್ಲೂ ಮಾತ ಕೇಳಾಕಿ ಅಲ್ಲ" ಎನ್ನುತ್ತಲೇ ಗಂಜಿಯ ಬಟ್ಟಲಿಗೆ ನನ್ನತ್ತ ಕೈಚಾಚುತ್ತಿದ್ದರು. ನೀನು ಮಾಡಿದ್ದು ಸರಿ ಎಂದು ಅವರು ಎಂದೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಮತ್ತಾಯನಲ್ಲಿ ಇಬ್ಬರು ಗಂಡುಮಕ್ಕಳ ಸಾಮ್ಯವಿದೆ. ದ್ರಾಕ್ಷಿತೋಟದ ಕೆಲಸಕ್ಕೆ ಹೋಗೆಂದಾಗ ಒಬ್ಬ ಒಲ್ಲೆ ಎಂದು ಆಮೇಲೆ ಮನಸ್ಸು ತಿರುಗಿ ಹೋದ, ಇನ್ನೊಬ್ಬ ಆಗಲಿ ಎಂದು ಹೋಗಲಿಲ್ಲ. ಅಲ್ಲಿಯ ಮಾತು ದೇವರ ರಾಜ್ಯದ್ದೇ ಇರಬಹುದು. ಆದರೂ ಬಾಯಿಂದ ಬಂದ ಹೂಂ ಒಂದನ್ನೇ ಅಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ ಎಂಬುದು ನನಗೆ ಸಾಕು.

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೇ: "ಒಲ್ಲೆ ಅನ್ನು, ಆದ್ರ ಅಪ್ಪನ ಮರ್ಯಾದಿ ಕಳದು ಅನಬ್ಯಾಡ. ಮಾತ್ ಬಿಡಬ್ಯಾಡ." ಅವಳೊಬ್ಬಳ ಮೇಲೆ ಹೊರೆ ಹಾಕದೆ ಮುಖ್ಯೋಪಾಧ್ಯಾಯರೊಡನೆ ನಾನೇ ಅವಳ ಮನೆಗೆ ಹೋದೆ. ಕಾಯ್ದೆಯ ಮಾತನ್ನು ಅವರು ಹೇಳಿದರು, ಸತ್ಯವೇದದ ಮಾತನ್ನು ನಾನು ಹೇಳಿದೆ. ಮದುವೆ ನಿಂತಿತು. ಅವಳೀಗ ಪಿ.ಯು.ಸಿ. ಓದುತ್ತಿದ್ದಾಳೆ. ಅವಳ ತಂದೆ ದೇವಾಲಯದ ಬಾಗಿಲಲ್ಲಿ ಎದುರಾದರೆ ಈಗಲೂ ನನ್ನತ್ತ ಮುಖ ತಿರುಗಿಸುತ್ತಾರೆ. ಆದರೆ ಪ್ರತಿ ರವಿವಾರ ಅವರ ಸೈಕಲ್ಲಿನ ಹಿಂದೆ ಕುಳಿತು ಬರುವವಳು ಆ ಹುಡುಗಿಯೇ.