ವಿದೂಷಕನ ಸಾಕ್ಷ್ಯ: ‘ಬ್ಯಾಬಿಲಾನ್ ೫’ರ ವೀರ್ ಕೋಟೋ ಮತ್ತು ಅಭಿಮಾನಿಗಳ ಮೆಚ್ಚುಗೆ

೧

ಹಾಸ್ಯಪಾತ್ರವೊಂದನ್ನು ಮೆಚ್ಚಿಕೊಳ್ಳುವ ಪ್ರೇಕ್ಷಕರು ಅದರಲ್ಲಿ ನಿಜವಾಗಿ ಮೆಚ್ಚುವುದು ಏನನ್ನು? ಹಾಸ್ಯರಸವನ್ನು ಕುರಿತು ನಮ್ಮ ಪರಂಪರೆಯಲ್ಲಿ ವಿಚಾರ ಸಾಕಷ್ಟು ನಡೆದಿದೆ. ಭರತನು ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರು ಬಗೆಯಾಗಿ ವಿಂಗಡಿಸಿ, ಉತ್ತಮ, ಮಧ್ಯಮ, ಅಧಮ ಪ್ರಕೃತಿಗಳಿಗೆ ಎರಡೆರಡರಂತೆ ಹಂಚಿದ್ದಾನೆ. ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆಂದು ಹೇಳಿ, ಅದು ಹೆಚ್ಚಾಗಿ ಕೆಳಗಿನ ಪಾತ್ರಗಳಲ್ಲಿ ಕಾಣಿಸುವಂಥದು ಎಂದೂ ಸೂಚಿಸಿದ್ದಾನೆ. ಈ ಶ್ರೇಣೀಕರಣದ ಹಿಂದೆ ಇರುವ ಗ್ರಹಿಕೆ, ಹಾಸ್ಯವು ದೊಡ್ಡ ರಸಗಳ ನೆರಳಿನಲ್ಲಿ ಬದುಕುವ ಸಣ್ಣ ರಸ ಎಂಬುದು. ಶಾಸ್ತ್ರವನ್ನು ಓದದ ಇಂದಿನ ಪ್ರೇಕ್ಷಕನಲ್ಲಿಯೂ ಈ ಗ್ರಹಿಕೆ ಉಳಿದುಕೊಂಡಿದೆ. ತಾನು ಪ್ರೀತಿಸುವ ಹಾಸ್ಯಪಾತ್ರವನ್ನು ಹೊಗಳಬೇಕಾದಾಗ ಅವನು ಮೊದಲು ಆಡುವ ಮಾತು, “ಅವನು ಬರೀ ನಗಿಸುವವನಲ್ಲ” ಎಂಬುದೇ ಆಗಿರುತ್ತದೆ.

ಈ ಮಾತಿನ ಹಿಂದಿರುವ ಮೌಲ್ಯನಿರ್ಣಯವನ್ನು ಅಮೆರಿಕದ ವೈಜ್ಞಾನಿಕ ಕಲ್ಪನಾಕಥೆಯ ಧಾರಾವಾಹಿಯೊಂದರ ಪಾತ್ರದ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಧಾರಾವಾಹಿ ‘ಬ್ಯಾಬಿಲಾನ್ ೫’. ಪಾತ್ರ, ಸ್ಟೀಫನ್ ಫರ್ಸ್ಟ್ ಅಭಿನಯಿಸಿದ ವೀರ್ ಕೋಟೋ. ಹೆಸರಿನ ಧ್ವನಿ ಕನ್ನಡದ ಕಿವಿಗೆ ವೀರರಸವನ್ನು ನೆನಪಿಸಿದರೆ ಅದು ಆಕಸ್ಮಿಕ. ಲ್ಯಾಟಿನ್ನಿನಲ್ಲಿ ಆ ಪದಕ್ಕೆ ‘ಪುರುಷ’ ಎಂದರ್ಥ.

೨

‘ಬ್ಯಾಬಿಲಾನ್ ೫’ರ ಪ್ರಾರಂಭಿಕ ಚಿತ್ರ ೧೯೯೩ರಲ್ಲಿ ಪ್ರಸಾರವಾಯಿತು. ೧೯೯೪ರಿಂದ ೧೯೯೮ರವರೆಗೆ ಐದು ಆವೃತ್ತಿಗಳಲ್ಲಿ ೧೧೦ ಕಂತುಗಳು ಬಂದವು. ಇದರ ಕರ್ತೃ ಜೆ. ಮೈಕೆಲ್ ಸ್ಟ್ರಜಿನ್‌ಸ್ಕಿ ಇಡೀ ಕಥೆಯನ್ನು ಐದು ವರ್ಷಗಳ ಒಂದು ಕಾದಂಬರಿಯಂತೆ ಮೊದಲೇ ಯೋಜಿಸಿಕೊಂಡು, ೯೨ ಕಂತುಗಳನ್ನು ತಾನೇ ಬರೆದನು. ಪ್ರತಿ ಕಂತೂ ತನ್ನಷ್ಟಕ್ಕೆ ಮುಗಿದು, ಮುಂದಿನ ವಾರ ಪಾತ್ರಗಳು ಮೊದಲಿದ್ದಂತೆಯೇ ಮರಳುವುದು ಅಂದಿನ ಅಮೆರಿಕನ್ ಕಿರುತೆರೆಯಲ್ಲಿ ಸಾಮಾನ್ಯವಾಗಿದ್ದ ರೂಢಿ. ಇಲ್ಲಿ ಹಾಗಲ್ಲ, ಮಾಡಿದ ಕರ್ಮದ ಫಲ ಎರಡು ವರ್ಷಗಳ ಅನಂತರವೂ ಬಂದು ತಟ್ಟುತ್ತದೆ. ಪುರಾಣಕಥನಗಳ ಓದುಗರಿಗೆ ಈ ವಿನ್ಯಾಸ ಅಪರಿಚಿತವೆನಿಸದು.

ಇಪ್ಪತ್ಮೂರನೆಯ ಶತಮಾನದ ಬಾಹ್ಯಾಕಾಶ ನಿಲ್ದಾಣವೊಂದು ಕಥೆಯ ರಂಗಸ್ಥಳ. ಹಲವು ಲೋಕಗಳ ರಾಯಭಾರಿಗಳು ಅಲ್ಲಿ ನೆಲೆಸಿದ್ದಾರೆ. ಅಳಿದುಹೋಗುತ್ತಿರುವ ಸೆಂಟಾರಿ ಸಾಮ್ರಾಜ್ಯದ ರಾಯಭಾರಿ ಲಂಡೋ ಮೊಲಾರಿ. ಅವನ ಸಹಾಯಕ ವೀರ್. ಸೆಂಟಾರಿ ಗಂಡಸರಲ್ಲಿ ತಲೆಗೂದಲ ಬೀಸಣಿಗೆ ಎತ್ತರವಿದ್ದಷ್ಟೂ ಪದವಿ ಹಿರಿದು, ವೀರನದು ಗಿಡ್ಡ. ಸ್ಥೂಲಕಾಯ, ತಡವರಿಸುವ ಮಾತು, ಯಾವುದನ್ನೂ ಮುಚ್ಚಿಡಲಾಗದ ಮುಖ, ಎಲ್ಲಕ್ಕೂ ಹೆದರಿಕೆ. ಫರ್ಸ್ಟ್ ೧೯೭೮ರ ‘ಅನಿಮಲ್ ಹೌಸ್’ ಚಿತ್ರದಲ್ಲಿ ಪೆದ್ದು ವಿದ್ಯಾರ್ಥಿಯ ಪಾತ್ರದಿಂದ ಹೆಸರಾದ ನಟ. ಆ ನಗೆಯ ನೆನಪನ್ನು ಪ್ರೇಕ್ಷಕರು ಹೊತ್ತು ತಂದಿದ್ದರು. ಅದೇ ನಟನು ಕೊನೆಯ ಕಂತಿನಲ್ಲಿ ಸೆಂಟಾರಿ ಚಕ್ರವರ್ತಿಯಾಗಿ ಕಾಣಿಸಿಕೊಳ್ಳುತ್ತಾನೆ. ಅಭಿಮಾನಿಗಳ ಮೆಚ್ಚುಗೆಯ ಮಾತುಗಳು ಸಾಮಾನ್ಯವಾಗಿ ಈ ಎರಡು ತುದಿಗಳ ನಡುವಣ ದೂರವನ್ನು ಅಳೆಯುತ್ತವೆ. ನಗೆಪಾಟಲಿನ ಸೇವಕ ಗಂಭೀರ ಪುರುಷನಾಗಿ ‘ಬೆಳೆದ’ ಎಂಬುದು ಅವುಗಳ ಸಾರ.

ಈ ವಿವರಣೆ ಪಾತ್ರಕ್ಕೆ ಪೂರ್ಣ ನ್ಯಾಯ ಸಲ್ಲಿಸುವುದಿಲ್ಲ ಎಂಬುದು ಇಲ್ಲಿಯ ವಾದ. ವೀರ್ ಹಾಸ್ಯವನ್ನು ದಾಟಿ ಹೋಗುವುದಿಲ್ಲ. ಅವನನ್ನು ನಗೆಗೆ ಈಡುಮಾಡುವ ಗುಣಗಳೇ ಅವನ ನೈತಿಕ ಶಕ್ತಿಯೂ ಆಗಿವೆ.

೩

ಸಂಸ್ಕೃತ ನಾಟಕದ ವಿದೂಷಕನನ್ನು ಹೋಲಿಕೆಗೆ ತೆಗೆದುಕೊಳ್ಳಬಹುದು. ಶಾಕುಂತಲದ ಮಾಧವ್ಯನನ್ನು ದುಷ್ಯಂತನು ಎರಡನೆಯ ಅಂಕದ ಕೊನೆಯಲ್ಲಿ ರಾಜಧಾನಿಗೆ ಕಳುಹಿಸಿಬಿಡುತ್ತಾನೆ. ಆಶ್ರಮಕನ್ಯೆಯನ್ನು ಕುರಿತು ತಾನು ಆಡಿದ್ದೆಲ್ಲ ಪರಿಹಾಸವೆಂದೂ ಹೇಳಿಬಿಡುತ್ತಾನೆ. ಮುಂದೆ ರಾಜನಿಗೆ ಮರೆವು ಕವಿದಾಗ, ನೆನಪಿಸಬಹುದಾಗಿದ್ದ ಆಪ್ತನೊಬ್ಬನು ಅದನ್ನು ತಮಾಷೆಯೆಂದೇ ನಂಬಿ ಸುಮ್ಮನಿದ್ದಾನೆ. ವಿದೂಷಕನು ಎಲ್ಲವನ್ನೂ ಕೇಳಿಸಿಕೊಳ್ಳುವವನು. ಆದರೆ ಅವನ ಸಾಕ್ಷ್ಯಕ್ಕೆ ಬೆಲೆ ಬಾರದಂತೆ ಕಥೆಯೇ ಏರ್ಪಾಡು ಮಾಡಿಕೊಂಡಿದೆ.

ವೀರನ ಸ್ಥಾನವೂ ಮೊದಲಿಗೆ ಇಂಥದೇ. ೧೯೯೫ರ ‘ದ ಕಮಿಂಗ್ ಆಫ್ ಶ್ಯಾಡೋಸ್’ ಕಂತಿನಲ್ಲಿ ಲಂಡೋ, ಮಾರ್ಡನ್ ಎಂಬ ನಿಗೂಢ ವ್ಯಕ್ತಿಯ ಮೂಲಕ ಭಯಂಕರ ಶಕ್ತಿಯೊಂದರ ನೆರವು ಪಡೆದು, ತನ್ನ ಜನರ ಹಳೆಯ ವೈರಿಗಳಾದ ನಾರ್ನರ ಮೇಲೆ ದಾಳಿ ಮಾಡಿಸಲು ನಿಶ್ಚಯಿಸುತ್ತಾನೆ. ಕೋಣೆಯಲ್ಲಿ ಇರುವವನು ವೀರ್ ಒಬ್ಬನೇ. ಬೇಡವೆಂದು ಅಂಗಲಾಚುತ್ತಾನೆ, ಮಾತು ನಡೆಯದಾದಾಗ, ಮುಂದೊಂದು ದಿನ ಈ ಸಂಭಾಷಣೆಯನ್ನು ನಿಮಗೆ ನೆನಪಿಸುತ್ತೇನೆ ಎನ್ನುತ್ತಾನೆ. ನೆನಪಿಡುವ ಹೊಣೆಯನ್ನು ಅವನು ತಾನಾಗಿ ಹೊತ್ತುಕೊಳ್ಳುತ್ತಾನೆ. ಮಾಧವ್ಯನಿಗೆ ನಿರಾಕರಿಸಲಾದ ಸಾಕ್ಷಿಯ ಸ್ಥಾನ ಇದೇ. ಈ ಕಂತಿಗೆ ೧೯೯೬ರಲ್ಲಿ ಹ್ಯೂಗೋ ಪ್ರಶಸ್ತಿ ದೊರೆಯಿತು. ಅದು ವಿಶ್ವ ವಿಜ್ಞಾನಕಥಾ ಸಮ್ಮೇಳನದ ಸದಸ್ಯರು, ಅಂದರೆ ಅಭಿಮಾನಿಗಳೇ, ಮತ ಹಾಕಿ ಕೊಡುವ ಪ್ರಶಸ್ತಿ.

ಅದೇ ಕಂತಿನಲ್ಲಿ ಸೆಂಟಾರಿಯ ವೃದ್ಧ ಚಕ್ರವರ್ತಿ ತನ್ನ ಜನರು ಎಸಗಿದ ಅನ್ಯಾಯಗಳಿಗಾಗಿ ನಾರ್ನರ ಕ್ಷಮೆ ಕೇಳಲೆಂದೇ ನಿಲ್ದಾಣಕ್ಕೆ ಬಂದಿರುತ್ತಾನೆ. ಎದುರು ನಿಂತು ಹೇಳುವ ಮೊದಲೇ ಕುಸಿದುಬೀಳುತ್ತಾನೆ. ಅದೇ ವರ್ಷದ ‘ಕಮ್ಸ್ ದ ಇನ್‌ಕ್ವಿಸಿಟರ್’ ಕಂತಿನ ವೇಳೆಗೆ ನಾರ್ನರ ಲೋಕ ಬೂದಿಯಾಗಿದೆ. ವೀರ್ ಹತ್ತಿದ ಲಿಫ್ಟಿನಲ್ಲಿ ನಾರ್ನ್ ರಾಯಭಾರಿ ಜಿಕಾರ್ ಒಬ್ಬನೇ ಇದ್ದಾನೆ. ಸಹಿಸಲಾಗದ ಮೌನವನ್ನು ಮುರಿದು ವೀರ್ ತಡವರಿಸುತ್ತಲೇ, ತನಗೆ ದುಃಖವಾಗಿದೆ ಎನ್ನುತ್ತಾನೆ. ಜಿಕಾರ್ ತನ್ನ ಅಂಗೈಯನ್ನು ಕುಯ್ದುಕೊಂಡು, ತೊಟ್ಟಿಕ್ಕುವ ರಕ್ತದ ಒಂದೊಂದು ಹನಿಯನ್ನೂ ಸತ್ತ ಒಬ್ಬೊಬ್ಬ ನಾರ್ನನೆಂದು ಎಣಿಸಿ, ಅವರ ಕ್ಷಮೆಯನ್ನು ಹೇಗೆ ಕೇಳುವೆ ಎಂದು ಪ್ರಶ್ನಿಸುತ್ತಾನೆ. ಆಗದು ಎಂಬುದೇ ವೀರನ ಉತ್ತರ. ಹಾಗಾದರೆ ನಾನೂ ಕ್ಷಮಿಸಲಾರೆ ಎಂಬುದು ಜಿಕಾರನದು.

ಅಭಿಮಾನಿಗಳು ಮತ್ತೆಮತ್ತೆ ನೆನೆಯುವ ದೃಶ್ಯಗಳಲ್ಲಿ ಇದೊಂದು. ಚಕ್ರವರ್ತಿಯಿಂದ ಆಗದೆ ಹೋದ ಕ್ಷಮಾಯಾಚನೆಯನ್ನು ಇಲ್ಲಿ ಮಾಡುವವನು ಹಾಸ್ಯಪಾತ್ರಧಾರಿ. ಮುಂದೆ ಆ ಸಿಂಹಾಸನಕ್ಕೆ ಬರುವವನೂ ಅವನೇ. ಈ ಯಾಚನೆ ಸಾಧ್ಯವಾದದ್ದು ಅವನ ತೊದಲಿನಿಂದ. ರಾಜನೀತಿಯ ನಯವಾದ ಮಾತು ಬಲ್ಲ ಲಂಡೋಗೆ ಅಂಥ ಮೌನದಿಂದ ಪಾರಾಗುವ ಹತ್ತು ದಾರಿಗಳು ಗೊತ್ತು; ವೀರನಿಗೆ ಒಂದೂ ಗೊತ್ತಿಲ್ಲ. ಅದುವರೆಗೆ ನಮ್ಮನ್ನು ನಗಿಸಿದ ಅಸಾಮರ್ಥ್ಯವೇ ಇಲ್ಲಿ ಸತ್ಯದ ಸಾಧನವಾಗಿದೆ.

ಮಾಧವ್ಯನಂತೆ ವೀರನನ್ನೂ ಒಡೆಯ ದೂರ ಕಳುಹಿಸುತ್ತಾನೆ. ಮಿನ್ಬಾರ್ ಎಂಬ ಲೋಕಕ್ಕೆ ರಾಯಭಾರಿಯಾಗಿ ಹೋದ ವೀರ್, ೧೯೯೬ರ ‘ಸಿಕ್ ಟ್ರಾನ್ಸಿಟ್ ವೀರ್’ ಕಂತಿನಲ್ಲಿ ತಿಳಿದುಬರುವಂತೆ, ಇಲ್ಲದ ಅಧಿಕಾರಿಯೊಬ್ಬನನ್ನು ಕಾಗದದ ಮೇಲೆ ಸೃಷ್ಟಿಸಿ, ಅವನ ಸಹಿಯಲ್ಲಿ ಎರಡು ಸಾವಿರದಷ್ಟು ನಾರ್ನರನ್ನು ಸತ್ತವರೆಂದು ದಾಖಲಿಸಿ ಪಾರುಮಾಡಿರುತ್ತಾನೆ. ಆ ಅಧಿಕಾರಿಗೆ ಅವನಿಟ್ಟ ಹೆಸರು ಅಬ್ರಹಾಮೋ ಲಿಂಕೋನಿ. ಗುಲಾಮಗಿರಿಯನ್ನು ಕೊನೆಗಾಣಿಸಿದ ಅಧ್ಯಕ್ಷನ ಹೆಸರನ್ನು ಇಷ್ಟು ತೆಳುವಾಗಿ ಮರೆಮಾಡಿದ್ದು ಹಾಸ್ಯಾಸ್ಪದವೇ ಸರಿ. ಆದರೆ ಜೀವಗಳು ಉಳಿದದ್ದು ಆ ಹಾಸ್ಯಾಸ್ಪದ ಹೆಸರಿನಿಂದ. ಇವನಿಗೆ ಸರಿಸಾಟಿಯಾದ ಇನ್ನೊಬ್ಬ ರಾಯಭಾರಿ-ಸಹಾಯಕ ಲೆನಿಯರ್ ಶಾಂತ, ವಿದ್ಯಾವಂತ, ಗಂಭೀರ. ೧೯೯೮ರ ಕಂತೊಂದರಲ್ಲಿ ಮತ್ಸರದ ಒಂದು ಕ್ಷಣದಲ್ಲಿ ಸ್ವಾಮಿದ್ರೋಹಕ್ಕೆ ಇಳಿಯುವವನು ಅವನು. ಗಾಂಭೀರ್ಯವು ಧರ್ಮಕ್ಕೆ ಖಾತರಿಯಲ್ಲವೆಂಬುದನ್ನು ಈ ಜೋಡಿಯೇ ಹೇಳುತ್ತದೆ.

೪

ಹಾಸ್ಯಪಾತ್ರವನ್ನು ಜನಸ್ಮೃತಿ ಹೇಗೆ ಇಟ್ಟುಕೊಳ್ಳುತ್ತದೆ ಎಂಬುದಕ್ಕೆ ಕನ್ನಡದಲ್ಲಿ ಒಂದು ಹಳೆಯ ನಿದರ್ಶನವಿದೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆ ಎಲ್ಲರಿಗೂ ಗೊತ್ತು. ಕುಮಾರವ್ಯಾಸನ ವಿರಾಟಪರ್ವದಲ್ಲಿ ಹೆಂಗಸರ ಮುಂದೆ ಬಡಾಯಿ ಕೊಚ್ಚಿ, ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವ ಉತ್ತರಕುಮಾರನು ಗಮಕದ ಕೇಳುಗರಿಗೆ ಅಚ್ಚುಮೆಚ್ಚು. ಆದರೆ ಭಾರತದ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಮರಳಿ ಬಂದ ಉತ್ತರನು, ತಂದೆ ತನಗೇ ಕಟ್ಟುತ್ತಿದ್ದ ವಿಜಯದ ಕೀರ್ತಿಯನ್ನು ಒಪ್ಪಿಕೊಳ್ಳದೆ, ಗೆದ್ದವನು ಬೇರೊಬ್ಬ ದೇವಪುತ್ರನೆನ್ನುತ್ತಾನೆ. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಹೋರಾಡಿ ಮಡಿಯುತ್ತಾನೆ. ಗಾದೆ ಇವೆರಡನ್ನೂ ಬಿಟ್ಟು ಒಲೆಯನ್ನು ಮಾತ್ರ ಉಳಿಸಿಕೊಂಡಿದೆ.

ವೀರನ ಅಭಿಮಾನಿಗಳು ಇದಕ್ಕೆ ವಿರುದ್ಧವಾದ ದಿಕ್ಕಿನಲ್ಲಿ ನಡೆದಿದ್ದಾರೆ. ಗಾದೆ ಪಾತ್ರವನ್ನು ಕಥೆಯಿಂದ ಕತ್ತರಿಸಿ ತೆಗೆಯುತ್ತದೆ; ಅಭಿಮಾನಿ ಇಡೀ ಕಥೆಯನ್ನು ಮತ್ತೆ ಮೊದಲಿನಿಂದ ನೋಡುತ್ತಾನೆ. ಕೊನೆಯನ್ನು ಬಲ್ಲವನಿಗೆ ಮೊದಲ ಆವೃತ್ತಿಯ ಗಡಿಬಿಡಿಯ ಸಹಾಯಕನು ಬೇರೆಯಾಗಿಯೇ ಕಾಣುತ್ತಾನೆ. ಈ ಮರುನೋಟದ ಅಭ್ಯಾಸ ವಿಮರ್ಶೆಯ ಒಂದು ರೂಪವೆಂದು ಒಪ್ಪಿಕೊಳ್ಳಲು ವಿದ್ವಾಂಸರು ಹಿಂಜರಿಯಬೇಕಿಲ್ಲ.

ಆದರೂ ಗಾದೆಯ ಅಪಾಯ ಇಲ್ಲಿಯೂ ತಪ್ಪಿಲ್ಲ. ವೀರನ ಹೆಸರಿನೊಡನೆ ಎಲ್ಲಕ್ಕಿಂತ ಹೆಚ್ಚಾಗಿ ಅಂಟಿಕೊಂಡಿರುವುದು ಒಂದು ಕೈಸನ್ನೆ. ೧೯೯೫ರ ಕಂತೊಂದರಲ್ಲಿ ಮಾರ್ಡನ್, ನಿನಗೇನು ಬೇಕು ಎಂದು ಅವನನ್ನು ಕೇಳುತ್ತಾನೆ. ನಿನ್ನ ಕಡಿದ ತಲೆಯನ್ನು ಶೂಲಕ್ಕೇರಿಸಿದ ದಿನದವರೆಗೆ ಬದುಕಿದ್ದು, ಅದರತ್ತ ಹೀಗೆ ಕೈಯಾಡಿಸಬೇಕು ಎಂದು ವೀರ್ ಬೆರಳುಗಳನ್ನು ಮಕ್ಕಳಂತೆ ಕುಣಿಸಿ ತೋರಿಸುತ್ತಾನೆ. ಅಂಜುಬುರುಕನ ಬಾಯಲ್ಲಿ ಆ ಮಾತು ಬಂದಾಗ ನಗೆ ಉಕ್ಕುತ್ತದೆ. ೧೯೯೭ರ ‘ಇನ್‌ಟು ದ ಫೈರ್’ ಕಂತಿನಲ್ಲಿ ಲಂಡೋ ಆ ತಲೆಯನ್ನು ಅರಮನೆಯ ತೋಟದಲ್ಲಿ ವೀರನಿಗೆ ಕಾಣಿಕೆಯಾಗಿ ಒಪ್ಪಿಸುತ್ತಾನೆ. ವೀರ್ ಅದರತ್ತ ಬೆರಳಾಡಿಸುತ್ತಾನೆ. ಅಭಿಮಾನಿಗಳಿಗೆ ಇದು ಪರಮಾನಂದದ ಗಳಿಗೆ.

ಈ ಆನಂದವನ್ನು ಅದರ ಹಿಂದಿನ ಕಂತು ‘ದ ಲಾಂಗ್ ನೈಟ್’ನೊಡನೆ ಕೂಡಿಸಿ ನೋಡಬೇಕು. ಅಲ್ಲಿ ಹುಚ್ಚು ಚಕ್ರವರ್ತಿ ಕಾರ್ಟೇಜಿಯನನ್ನು ಕೊಲ್ಲಲು ಲಂಡೋ ಹೂಡಿದ ಸಂಚು ಕೊನೆಯ ಕ್ಷಣದಲ್ಲಿ ತಪ್ಪುತ್ತದೆ. ನೆಲಕ್ಕೆ ಬಿದ್ದ ವಿಷದ ಸಾಧನವನ್ನು ಎತ್ತಿ ಚಕ್ರವರ್ತಿಯ ಎದೆಗೆ ಚುಚ್ಚುವವನು ವೀರ್. ಅನಂತರ ಕುಡಿದು ಅಳುತ್ತಾನೆ. ತಾನು ಬಯಸಿದ್ದು ಸಣ್ಣದೊಂದು ಹುದ್ದೆ, ಸಣ್ಣದೊಂದು ಬದುಕು ಎಂದು ಹಲುಬುತ್ತಾನೆ. ಲಕ್ಷಾಂತರ ಜನರನ್ನು ಉಳಿಸಿದ ಆ ಕೊಲೆಯನ್ನು ಅವನು ಪೌರುಷವೆಂದು ಎಣಿಸುವುದಿಲ್ಲ. ಹಾಗೆ ಅತ್ತವನೇ ಮುಂದಿನ ವಾರ ಕಡಿದ ತಲೆಯ ಮುಂದೆ ನಗುತ್ತಾನೆ. ತಲೆಯನ್ನು ಕೊಟ್ಟವನಾದರೋ ವೀರ್ ಎರಡು ವರ್ಷ ತಡೆಯಲೆತ್ನಿಸಿದ ಒಡೆಯ.

ಆ ಕೈಸನ್ನೆಯಲ್ಲಿ ಹಾಸ್ಯ ಬೀಭತ್ಸದೊಡನೆ ಕೂಡಿದೆ. ಸೇಡಿನ ಸವಿಯೆಂದು ಅದನ್ನು ಕಥೆಯಿಂದ ಬಿಡಿಸಿ ಮೆಚ್ಚಿದರೆ, ವೀರನ ಕಣ್ಣೀರು ಗಾದೆಯ ಉತ್ತರನ ಸಾವಿನಂತೆ ಮರೆತುಹೋಗುತ್ತದೆ. ಒಡೆಯನ ಲೋಕದ ಹಿಂಸೆ ನಿರ್ಮಲನಾದ ಸೇವಕನಿಗೂ ಒಂದು ಗಳಿಗೆ ಸುಖ ಕೊಟ್ಟಿತು ಎಂಬುದನ್ನು ಕೃತಿ ಮರೆಮಾಚಿಲ್ಲ. ಪಾತ್ರವನ್ನು ಪ್ರೀತಿಸುವವರು ಈ ಅಹಿತಕರ ಸಂಗತಿಯನ್ನೂ ಪ್ರೀತಿಯೊಳಗೆ ಸೇರಿಸಿಕೊಂಡಾಗ ಮೆಚ್ಚುಗೆ ಪ್ರಬುದ್ಧವಾಗುತ್ತದೆ.

೫

ಕೊನೆಯ ಕಂತು ‘ಸ್ಲೀಪಿಂಗ್ ಇನ್ ಲೈಟ್’ ನಡೆಯುವುದು ೨೨೮೧ರಲ್ಲಿ. ಹಳೆಯ ಗೆಳೆಯರ ಕಡೆಯ ಊಟದ ಹೊತ್ತಿಗೆ ಲಂಡೋ ಸತ್ತು ವರ್ಷಗಳಾಗಿವೆ. ಚಕ್ರವರ್ತಿ ವೀರ್ ಅಲ್ಲಿ ಅವನ ಕಥೆಯೊಂದನ್ನು ಹೇಳುತ್ತಾನೆ: ಎಲ್ಲರೂ ಅಸಹ್ಯಪಡುವ ಒಂದು ಜನಾಂಗದವರ ಹಾಡು ಕೇಳಿ ಲಂಡೋ ಕಣ್ಣೀರು ಸುರಿಸಿದ ಸಂದರ್ಭ ಅದು. ಒಂದು ಸಂಭಾಷಣೆಯನ್ನು ನೆನಪಿಸುತ್ತೇನೆಂದು ಎಚ್ಚರಿಸಿದ್ದವನು ಇಲ್ಲಿ ಒಡೆಯನ ಅಪರಾಧಗಳ ಬದಲು ಅವನಲ್ಲಿ ಉಳಿದಿದ್ದ ಮನುಷ್ಯತ್ವವನ್ನು ನೆನಪಿಸುತ್ತಾನೆ. ಚಕ್ರವರ್ತಿಯಾದ ಮೇಲೂ ಅವನು ಸಾಕ್ಷಿಯ ಕೆಲಸವನ್ನು ಬಿಟ್ಟಿಲ್ಲ. ಆತ ಕಥೆ ಹೇಳುವಾಗಿನ ಸಂಕೋಚವೂ ಹಳೆಯದೇ.

ಫರ್ಸ್ಟ್ ೨೦೧೭ರಲ್ಲಿ ತೀರಿಕೊಂಡಾಗ ಅವರನ್ನು ‘ಅನಿಮಲ್ ಹೌಸ್’ನ ಪೆದ್ದು ಹುಡುಗನಾಗಿಯೂ ವೀರನಾಗಿಯೂ ಜನ ನೆನೆದರು. ಈ ಎರಡು ನೆನಪುಗಳಲ್ಲಿ ಒಂದನ್ನು ಕೀಳೆಂದು, ಇನ್ನೊಂದನ್ನು ಮೇಲೆಂದು ಎಣಿಸಬೇಕಾಗಿಲ್ಲ. “ಬರೀ ನಗಿಸುವವನಲ್ಲ” ಎಂಬ ಹೊಗಳಿಕೆಯಲ್ಲಿರುವ ‘ಬರೀ’ ಎಂಬ ಮಾತನ್ನು ಕೈಬಿಡುವುದು ಲೇಸು. ನಮ್ಮ ಕಾವ್ಯಗಳ ವಿದೂಷಕರನ್ನೂ ಉತ್ತರಕುಮಾರನನ್ನೂ ಯಕ್ಷಗಾನದ ಹಾಸ್ಯಗಾರರನ್ನೂ ಅಧ್ಯಯನ ಮಾಡುವವರು, ಅವರು ಎಷ್ಟು ನಗಿಸಿದರು ಎಂಬುದರ ಜೊತೆಗೆ, ನಗಿಸುತ್ತ ಏನನ್ನು ಕಂಡರು, ಕಂಡದ್ದನ್ನು ಹೇಳಲು ಕಥೆ ಅವರಿಗೆ ಎಡೆಗೊಟ್ಟಿತೇ ಎಂದೂ ಕೇಳಬೇಕಾಗಿದೆ.