ಶಿರೋರೋಗಗಳ ಸಂಖ್ಯೆಯೂ ಪಾಠಪರಿಷ್ಕಾರವೂ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ ಮನೆತನದ ವೈದ್ಯದ ಓಲೆಕಟ್ಟೊಂದು ದೊರೆತು, ಅದರಲ್ಲಿ ಶಿರೋರೋಗಗಳು 10 ಎಂದಿದ್ದರೆ ಸಂಪಾದಕನು ಮಾಡತಕ್ಕುದೇನು? ಸುಶ್ರುತನೂ ಮಾಧವನೂ 11 ಎಂದಿರುವರು. 16ನೆಯ ಶತಮಾನದ ಭಾವಮಿಶ್ರನೂ ಆ ಜಾಡನ್ನೇ ಹಿಡಿದನು. ಆದಕಾರಣ ಲಿಪಿಕಾರನು ಒಂದನ್ನು ಬಿಟ್ಟನೆಂದು ಬಗೆದು ತುಂಬಿಬಿಡುವುದು ಸುಲಭ, ಸಾಧುವಲ್ಲ.

ವಾಗ್ಭಟನ ಅಷ್ಟಾಂಗಹೃದಯದಲ್ಲಿ ಸುಶ್ರುತೋಕ್ತವಾದ ಕ್ಷಯಜವೂ ಅನಂತವಾತವೂ ಇಲ್ಲ. ಅವೆರಡಕ್ಕೆ ಬದಲಾಗಿ ಶಿರಃಕಂಪವೊಂದಿದೆ. ಅಂತು 10. ಸುಶ್ರುತನು ಕ್ಷುದ್ರರೋಗಗಳಲ್ಲಿ ಹೇಳಿದ ಇಂದ್ರಲುಪ್ತ, ಪಲಿತ ಮೊದಲಾದವನ್ನು ಈತನು 9 ಕಪಾಲರೋಗಗಳೊಳಗೆ ಎಣಿಸಿ ಶಿರೋರೋಗಗಳೊಡನೆಯೇ ಇಟ್ಟಿರುವನು.

ಆದುದರಿಂದ ಈ ಸಂಖ್ಯೆಯು ದೋಷವಲ್ಲ, ಸಾಕ್ಷ್ಯ: ಆ ಮನೆತನವು ಯಾವ ಸಂಹಿತೆಯನ್ನು ಓದಿತೆಂಬುದನ್ನು ಅದು ಸೂಚಿಸುತ್ತದೆ. ಅರ್ಧಾವಭೇದಕವು, ಎಂದರೆ ನಮ್ಮ ಅರೆತಲೆನೋವು, ಉಭಯಪಕ್ಷಗಳಲ್ಲಿಯೂ ಇರುವುದರಿಂದ ಏನನ್ನೂ ನಿರ್ಣಯಿಸದು, ಶಿರಃಕಂಪವು ನಿರ್ಣಯಿಸುವುದು. ಅದನ್ನು ಅಳಿಸಿ ಅನಂತವಾತವನ್ನು ಬರೆದವನು ಗ್ರಂಥವನ್ನು ತಿದ್ದಿದವನಲ್ಲ, ಅದರ ಗುರುಪರಂಪರೆಯನ್ನೇ ಬದಲಿಸಿದವನು.

ಸುಮಾರು 1500ರ ಶ್ರೀಧರದೇವನ ವೈದ್ಯಾಮೃತವೇ ಮೊದಲಾದ ಕನ್ನಡ ವೈದ್ಯಗ್ರಂಥಗಳನ್ನು ಪರಿಶೋಧಿಸುವವರೂ ಮೊದಲು ಎಣಿಸಲಿ, ಆಮೇಲೆ ತಿದ್ದಲಿ.